ಕಾಲೇಜು ವಿದ್ಯಾರ್ಥಿಗಳ ಅಂತಸ್ತು, ವೆಚ್ಚ ಮತ್ತು ಸಾಲ

ಸಾಲವೆಂಬುದಕ್ಕೆ ನಮ್ಮ ಭಾಷೆಯಲ್ಲಿ ಒಂದೇ ಹೆಸರಿಲ್ಲ. ಸ್ನೇಹಿತನಿಂದ ನಾಲ್ಕು ದಿನಗಳ ಮಟ್ಟಿಗೆ, ಪತ್ರವೂ ಬಡ್ಡಿಯೂ ಇಲ್ಲದೆ ಈಸಿಕೊಂಡದ್ದು ಕೈಗಡ. ಅಂಗಡಿಯವನು ತನ್ನ ಪುಸ್ತಕದಲ್ಲಿ ಬರೆದುಕೊಂಡು ಸಾಮಾನು ಕೊಟ್ಟರೆ ಅದು ಉದ್ದರಿ. ಒಡವೆಯನ್ನೋ ಪಾತ್ರೆಯನ್ನೋ ಇಟ್ಟು ತಂದದ್ದು ಒತ್ತೆಯ ಸಾಲ. ಪತ್ರ ಬರೆದುಕೊಟ್ಟು ತಂದದ್ದು ಬಡ್ಡಿಯ ಸಾಲ. ಹೆಸರುಗಳು ಬೇರೆಬೇರೆಯಾಗಿರುವುದು ಸುಮ್ಮನೆ ಅಲ್ಲ. ಒಂದೊಂದರ ಹಿಂದೆಯೂ ಇರುವ ನಂಬಿಕೆ ಬೇರೆ. ಕೈಗಡವು ಸ್ನೇಹವನ್ನು ನಂಬಿದರೆ, ಒತ್ತೆಯ ಸಾಲವು ವಸ್ತುವನ್ನು ನಂಬುತ್ತದೆ. ಬಡ್ಡಿಯ ಸಾಲವು ನ್ಯಾಯಸ್ಥಾನವನ್ನು ನಂಬುತ್ತದೆ. ಉದ್ದರಿ ಮಾತ್ರ ಮನುಷ್ಯನ ಅಂತಸ್ತನ್ನು ನಂಬುತ್ತದೆ. ಅಂಗಡಿಯವನು ಗಿರಾಕಿಯ ಮುಖವನ್ನೂ, ಉಡುಪನ್ನೂ, ತಂದೆಯ ಹೆಸರನ್ನೂ ನೋಡಿ ಪುಸ್ತಕವನ್ನು ತೆರೆಯುತ್ತಾನೆ ಅಥವಾ ಮುಚ್ಚುತ್ತಾನೆ.

ಕಾಲೇಜಿಗೆ ಬರುವ ಯುವಕನಿಗೆ ಸ್ವಂತ ಸಂಪಾದನೆ ಇಲ್ಲ. ಅವನ ಕೈಯಲ್ಲಿರುವುದು ಮನೆಯಿಂದ ಬಂದ ಹಣ, ಮುಂದೆ ತನಗೆ ಬರಬಹುದೆಂಬ ಆದಾಯದ ನಿರೀಕ್ಷೆ, ಮತ್ತು ಇತರರ ಕಣ್ಣಿಗೆ ತಾನು ಕಾಣುವ ರೀತಿ, ಇಷ್ಟೆ. ಆದುದರಿಂದ ಅಂತಸ್ತು, ವೆಚ್ಚ, ಸಾಲ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ನೋಡಬೇಕೆಂದರೆ ವಿದ್ಯಾರ್ಥಿಯ ಜೀವನಕ್ಕಿಂತ ತಕ್ಕ ಸ್ಥಳ ಮತ್ತೊಂದಿಲ್ಲ. ಇದರ ವಿಷಯವಾಗಿ ಎಲ್ಲಕ್ಕಿಂತ ವಿಪುಲವಾದ ದಾಖಲೆಗಳು ಉಳಿದಿರುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳಲ್ಲಿ. ನಮ್ಮ ಕಾಲೇಜುಗಳು ನಿಲುವಂಗಿಯನ್ನೂ ಪದವಿಯನ್ನೂ ಆ ಕಡೆಯಿಂದ ತಂದುಕೊಂಡಂತೆ, ವಿದ್ಯಾರ್ಥಿಯ ಸಾಲದ ಬಗೆಗಿನ ನಮ್ಮ ಕಾನೂನೂ ಬಹುಮಟ್ಟಿಗೆ ಆ ಕಡೆಯಿಂದಲೇ ಬಂದದ್ದು. ಆದ್ದರಿಂದ ಮೊದಲು ಅಲ್ಲಿಗೆ ಹೋಗಿ ಬರೋಣ.

ಹದಿನೇಳು ಹದಿನೆಂಟನೆಯ ಶತಮಾನಗಳ ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯ ಅಂತಸ್ತನ್ನು ಯಾರೂ ಊಹಿಸಬೇಕಾಗಿರಲಿಲ್ಲ. ಅದು ಅವನ ಟೊಪ್ಪಿಗೆಯ ಮೇಲೇ ಕಾಣುತ್ತಿತ್ತು. ಪ್ರಭುಮನೆತನದ ಹುಡುಗನ ಟೊಪ್ಪಿಗೆಗೆ ಚಿನ್ನದ ಕುಚ್ಚು. ಅವನ ಕೆಳಗೆ ಜೆಂಟಲ್‌ಮನ್ ಕಾಮನರ್ ಎಂಬ ವರ್ಗ. ಇವರಿಗೆ ರೇಷ್ಮೆಯ ನಿಲುವಂಗಿ, ಮಖಮಲ್ಲಿನ ಟೊಪ್ಪಿಗೆ. ಇವರ ಕೆಳಗೆ ಸಾಮಾನ್ಯರು. ಎಲ್ಲರಿಗಿಂತ ಕೆಳಗೆ ಸರ್ವಿಟರ್ ಎಂಬುವರು. ಇವರ ಟೊಪ್ಪಿಗೆಗೆ ಕುಚ್ಚೇ ಇಲ್ಲ. ಸರ್ವಿಟರನು ಶುಲ್ಕದ ವಿನಾಯಿತಿಗೆ ಪ್ರತಿಯಾಗಿ ಮೇಲಿನವರ ಸೇವೆ ಮಾಡಬೇಕು. ಕೇಂಬ್ರಿಜ್ಜಿನಲ್ಲಿ ಇದೇ ವರ್ಗದವನಿಗೆ ಸೈಸರ್ ಎಂದು ಹೆಸರು. ಸೈಸರನು ಊಟದ ಮನೆಯಲ್ಲಿ ಬಡಿಸುವುದು, ಹಿರಿಯರು ಉಂಡೆದ್ದ ಬಳಿಕ ಅವರ ಮೇಜಿನಲ್ಲಿ ಉಳಿದದ್ದನ್ನು ತಾನು ಉಣ್ಣುವುದು, ಇದು ಕ್ರಮ. ಮೇಲಿನ ವರ್ಗದವರು ಹೆಚ್ಚು ಶುಲ್ಕ ಕೊಡುತ್ತಿದ್ದರು, ಅಧ್ಯಾಪಕರ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಓದಿನ ಕಟ್ಟುಪಾಡು ಮಾತ್ರ ಅವರಿಗೆ ಕಡಿಮೆ. ಪಂಕ್ತಿಭೇದವೆಂಬುದು ನಮ್ಮ ದೇಶದ ವಿಶೇಷವೆಂದು ತಿಳಿದವರು ಈ ಊಟದ ಮನೆಯನ್ನು ಒಮ್ಮೆ ನೆನೆಯಬೇಕು.

೧೬೬೧ರಲ್ಲಿ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಹೀಗೆ ಸೇವಾವೃತ್ತಿಯ ವಿದ್ಯಾರ್ಥಿಯಾಗಿ ಸೇರಿದವನು ಐಸಾಕ್ ನ್ಯೂಟನ್. ಅವನ ತಾಯಿ ಬಡವಳಲ್ಲ, ಜಮೀನು ಆಸ್ತಿಯುಳ್ಳವಳು. ಆದರೂ ಮಗನ ಓದಿಗೆ ಆಕೆ ಕೈ ಬಿಗಿಹಿಡಿದೇ ಕೊಟ್ಟಳು. ಈ ಹುಡುಗ ತನ್ನ ಖರ್ಚಿನ ಲೆಕ್ಕವನ್ನು ಪುಟ್ಟ ಪುಸ್ತಕಗಳಲ್ಲಿ ಬರೆದಿಡುತ್ತಿದ್ದ. ಆ ಪುಸ್ತಕಗಳು ಕೇಂಬ್ರಿಜ್ಜಿನಲ್ಲಿ ಇಂದಿಗೂ ಉಳಿದಿವೆ. ಬಂದ ಹೊಸತರಲ್ಲಿ ಕೊಂಡದ್ದು ಮೇಜಿಗೆ ಒಂದು ಬೀಗ, ಶಾಯಿ, ಬರೆಯುವ ಪುಸ್ತಕ, ಮೇಣದ ಬತ್ತಿಗಳು, ಇಂಥವು. ಮೊದಲ ಖರ್ಚಿನಲ್ಲೇ ಬೀಗ ಕೊಂಡ ವಿದ್ಯಾರ್ಥಿಯ ಸ್ವಭಾವವನ್ನು ಕೇಳುವವರೇ ಊಹಿಸಿಕೊಳ್ಳಬಹುದು. ಚೆರ್ರಿ ಹಣ್ಣು, ಬಿಯರು, ಸಿಹಿತಿಂಡಿ ಇವುಗಳಿಗೆ ಹೋದ ಕಾಸನ್ನು ಬೇರೆಯಾಗಿ, ವ್ಯರ್ಥವಾದ ವೆಚ್ಚವೆಂಬ ಅರ್ಥದ ಲ್ಯಾಟಿನ್ ಶೀರ್ಷಿಕೆಯ ಕೆಳಗೆ ಬರೆದಿದ್ದಾನೆ. ಇವೆಲ್ಲಕ್ಕಿಂತ ಕುತೂಹಲಕರವಾದದ್ದು, ಈ ಪುಸ್ತಕಗಳಲ್ಲಿ ಸಹಪಾಠಿಗಳಿಗೆ ಅವನು ಕೊಟ್ಟ ಸಾಲಗಳ ಪಟ್ಟಿ. ಹಣ ಹಿಂದಕ್ಕೆ ಬಂದಂತೆ ಆ ಹೆಸರಿನ ಮೇಲೆ ಗೀಟು ಎಳೆದಿದ್ದಾನೆ. ಮೇಲಿನ ಪಂಕ್ತಿಯವರ ಎಂಜಲಿನ ಮೇಜಿಗೆ ಕಾದು ನಿಲ್ಲುವವನೇ ಇತರರಿಗೆ ಸಾಲಿಗನಾಗಿದ್ದ. ಅಂತಸ್ತು ಒಂದು ಕಡೆ, ಕೈಯಲ್ಲಿ ನಿಂತ ಕಾಸು ಒಂದು ಕಡೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ.

ಎಲ್ಲರಿಗೂ ಈ ಕಲ್ಲುಮನಸ್ಸು ಇರುವುದಿಲ್ಲ. ೧೭೨೮ರಲ್ಲಿ ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜಿಗೆ ಸೇರಿದ ಸ್ಯಾಮ್ಯುಅಲ್ ಜಾನ್‌ಸನ್ ಪುಸ್ತಕವ್ಯಾಪಾರಿಯೊಬ್ಬನ ಮಗ. ಸರ್ವಿಟರನಾಗಿ ಅಲ್ಲ, ಸಾಮಾನ್ಯ ವರ್ಗದ ವಿದ್ಯಾರ್ಥಿಯಾಗಿಯೇ ಸೇರಿದ. ಆದರೆ ಆ ವರ್ಗಕ್ಕೆ ತಕ್ಕ ಹಣ ಮನೆಯಿಂದ ಬರಲಿಲ್ಲ. ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿದ್ದ ಸ್ನೇಹಿತನೊಬ್ಬನಿಂದ ಪಾಠದ ಸಾರವನ್ನು ಕೇಳಿ ತಿಳಿಯುವುದಕ್ಕೆ ಅವನು ಅಲ್ಲಿಗೆ ಹೋಗಿ ಬರುತ್ತಿದ್ದ. ಹರಿದ ಜೋಡಿನಿಂದ ಕಾಲ್ಬೆರಳು ಹೊರಗೆ ಕಾಣುವುದನ್ನು ಅಲ್ಲಿನವರು ಗಮನಿಸಿದರೆಂದು ತಿಳಿದ ಮೇಲೆ ಹೋಗುವುದನ್ನೇ ನಿಲ್ಲಿಸಿಬಿಟ್ಟ. ಯಾರೋ ಪುಣ್ಯಾತ್ಮರು ಒಂದು ಜೊತೆ ಹೊಸ ಜೋಡನ್ನು ರಾತ್ರಿ ಅವನ ಬಾಗಿಲಲ್ಲಿ ಇರಿಸಿ ಹೋದರು. ಬೆಳಗ್ಗೆ ಅದನ್ನು ಕಂಡು ಕೋಪದಿಂದ ಎಸೆದನೆಂದು ಅವನ ಚರಿತ್ರಕಾರನಾದ ಬಾಸ್ವೆಲ್ ಬರೆದಿದ್ದಾನೆ. ಹದಿಮೂರು ತಿಂಗಳಾಗುವ ವೇಳೆಗೆ ಪದವಿಯಿಲ್ಲದೆ ಊರಿಗೆ ಹಿಂದಿರುಗಬೇಕಾಯಿತು. ಮುಂದೆ ಇಂಗ್ಲಿಷ್ ಭಾಷೆಗೆ ಮಹಾನಿಘಂಟನ್ನು ಬರೆದವನು ಒಂದು ಜೊತೆ ಜೋಡಿನ ದೆಸೆಯಿಂದ ಪಾಠ ಬಿಟ್ಟನೆಂದರೆ ನಗುವಂಥ ಮಾತಲ್ಲ. ಸರ್ವಿಟರನಿಗೆ ತನ್ನ ಸ್ಥಾನ ಯಾವುದೆಂಬುದು ಗೊತ್ತು, ಊರಿಗೂ ಗೊತ್ತು. ಹತ್ತಿರದ ಮೇಲಂತಸ್ತಿಗೆ ಸೇರಿಯೂ ಅದರ ವೆಚ್ಚವನ್ನು ಭರಿಸಲಾರದವನ ಸಂಕಟವೇ ಹೆಚ್ಚಿನದು.

ಇದಕ್ಕೆ ನೇರ ಎದುರಿನ ಚಿತ್ರ ಎಡ್ವರ್ಡ್ ಗಿಬ್ಬನ್. ರೋಮ್ ಸಾಮ್ರಾಜ್ಯದ ಅವನತಿಯ ಚರಿತ್ರೆಯನ್ನು ಬರೆದ ಈ ಮಹನೀಯನು ೧೭೫೨ರಲ್ಲಿ, ಹದಿನೈದು ತುಂಬುವ ಮುನ್ನ, ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿಗೆ ರೇಷ್ಮೆಯ ನಿಲುವಂಗಿಯ ವರ್ಗದಲ್ಲಿ ಸೇರಿದ. ಆ ಊರಿನ ವರ್ತಕರಲ್ಲಿ ತನಗಿದ್ದ ಉದ್ದರಿಗೆ ಮಿತಿಯೇ ಇರಲಿಲ್ಲವೆಂದೂ, ಅದು ಅಪಾಯಕರವಾಗಿತ್ತೆಂದೂ ಅವನೇ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. ಹದಿನಾಲ್ಕು ತಿಂಗಳಲ್ಲಿ ಕಲಿತದ್ದು ಏನೂ ಇಲ್ಲವೆಂದೂ ಸೇರಿಸಿದ್ದಾನೆ. ಹದಿನೈದರ ಬಾಲಕನ ಯೋಗ್ಯತೆಯನ್ನು ಅಂಗಡಿಯವರು ಹೇಗೆ ಅಳೆದರು? ಬಟ್ಟೆಯಿಂದ. ವಿಶ್ವವಿದ್ಯಾನಿಲಯವೇ ತೊಡಿಸಿದ ಬಟ್ಟೆ ಅಂಗಡಿಬೀದಿಯಲ್ಲಿ ಜಾಮೀನಿನ ಪತ್ರವಾಗಿತ್ತು.

ಈ ಉದ್ದರಿ ನಡೆಯುತ್ತಿದ್ದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ದರ್ಜಿ, ಜೋಡು ಮಾಡುವವನು, ದ್ರಾಕ್ಷಾಮದ್ಯದ ವ್ಯಾಪಾರಿ, ಕುದುರೆಯನ್ನು ಬಾಡಿಗೆಗೆ ಕೊಡುವವನು, ಇವರೆಲ್ಲರೂ ಹೊಸ ವಿದ್ಯಾರ್ಥಿ ಬಂದ ಸುದ್ದಿ ತಿಳಿದೊಡನೆ ತಾವಾಗಿಯೇ ಬರುತ್ತಿದ್ದರು. ಹಣದ ಮಾತನ್ನೇ ಎತ್ತುವುದಿಲ್ಲ. ಲೆಕ್ಕ ವರ್ಷಗಟ್ಟಲೆ ಬೆಳೆಯುತ್ತದೆ. ಹುಡುಗನ ಮೇಲೆ ಮೊಕದ್ದಮೆ ಹೂಡುವುದು ಕಷ್ಟವೆಂದು ವರ್ತಕನಿಗೆ ಗೊತ್ತು. ಆದರೆ ಪದವಿಯ ಹೊತ್ತಿಗೆ ಲೆಕ್ಕವನ್ನು ತಂದೆಯ ಮುಂದಿಟ್ಟರೆ ಮರ್ಯಾದೆಗೆ ಅಂಜಿ ಆತನು ಕೊಡುತ್ತಾನೆಂಬುದೂ ಗೊತ್ತು. ಹತ್ತರಲ್ಲಿ ಇಬ್ಬರು ಕೊಡದೆ ಹೋದರೆ ಆ ನಷ್ಟವನ್ನು ಉಳಿದ ಎಂಟು ಜನರ ಬೆಲೆಯ ಮೇಲೆ ಹೇರುವುದು ವ್ಯಾಪಾರದ ಧರ್ಮ. ಹೀಗೆ ನಗದು ಕೊಟ್ಟು ಕೊಳ್ಳುವ ಬಡ ವಿದ್ಯಾರ್ಥಿಯೂ ಅರಿಯದೆಯೇ ಶ್ರೀಮಂತನ ಉದ್ದರಿಯ ಬಡ್ಡಿಯಲ್ಲಿ ಪಾಲು ತೆರುತ್ತಿದ್ದ. ಕಾಲೇಜುಗಳಾದರೋ ತಮ್ಮ ಬಾಕಿಯ ಮಟ್ಟಿಗೆ ಜಾಣತನವನ್ನೇ ತೋರಿದುವು: ಸೇರುವಾಗಲೇ ಕಾಷನ್ ಹಣವೆಂದು ಠೇವಣಿ ಇರಿಸಿಕೊಂಡುವು. ನಮ್ಮ ಕಾಲೇಜುಗಳೂ ವಿದ್ಯಾರ್ಥಿನಿಲಯಗಳೂ ವಸೂಲು ಮಾಡುವ ಕಾಷನ್ ಡಿಪಾಜಿಟ್ಟಿಗೆ ಆ ಹೆಸರು ಬಂದದ್ದು ಈ ಪರಂಪರೆಯಿಂದಲೇ.

ವಿಶ್ವವಿದ್ಯಾನಿಲಯದ ಕೈಯಲ್ಲಿ ಒಂದು ಆಯುಧವಿತ್ತು. ನಿಯಮ ಮೀರಿ ವಿದ್ಯಾರ್ಥಿಗಳಿಗೆ ಸಾಲ ಕೊಟ್ಟ ವರ್ತಕನೊಡನೆ ಯಾವ ವಿದ್ಯಾರ್ಥಿಯೂ ವ್ಯವಹರಿಸಕೂಡದೆಂದು ಕೇಂಬ್ರಿಜ್ಜಿನ ಉಪಕುಲಪತಿ ಆಜ್ಞೆ ಮಾಡಬಹುದಾಗಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಬಹಿಷ್ಕಾರ. ವಿದ್ಯಾರ್ಥಿಗಳಿಂದಲೇ ಬದುಕುವ ಸಣ್ಣ ಊರಿನಲ್ಲಿ ಇದು ಅಂಗಡಿಗೆ ಬೀಗ ಹಾಕಿದಂತೆಯೇ ಸರಿ. ಆಕ್ಸ್‌ಫರ್ಡಿನಲ್ಲಂತೂ ಸಾಲದ ವ್ಯಾಜ್ಯಗಳನ್ನು ವಿಚಾರಿಸುವ ಅಧಿಕಾರ ವಿಶ್ವವಿದ್ಯಾನಿಲಯದ ಸ್ವಂತ ನ್ಯಾಯಸ್ಥಾನಕ್ಕೇ ಇತ್ತು. ಅದು ರದ್ದಾದದ್ದು ೧೯೭೭ರಲ್ಲಿ. ಆದರೂ ಸಾಲ ನಿಲ್ಲಲಿಲ್ಲ. ಚಿನ್ನದ ಕುಚ್ಚನ್ನು ತಾನೇ ತೊಡಿಸಿ, ಅದನ್ನು ನೋಡಿ ನಂಬಿದ ಅಂಗಡಿಯವನನ್ನು ದಂಡಿಸುವುದರಲ್ಲಿ ಎಷ್ಟು ನ್ಯಾಯವಿತ್ತೆಂಬುದನ್ನು ಆಗಿನ ಹಿರಿಯರು ಬಹುಕಾಲ ಯೋಚಿಸಿದಂತೆ ತೋರುವುದಿಲ್ಲ.

೧೮೦೫ರಲ್ಲಿ ಟ್ರಿನಿಟಿ ಕಾಲೇಜಿಗೆ ಬಂದ ಕವಿ ಬೈರನ್ ಪ್ರಭುವಿಗೆ ವರ್ಷಕ್ಕೆ ೫೦೦ ಪೌಂಡುಗಳ ಭತ್ಯವಿತ್ತು. ಅದು ಸಾಲದೆ ಲಂಡನ್ನಿನ ಲೇವಾದೇವಿಗಾರರ ಮನೆ ಹತ್ತಿದ. ಅವನು ಅಪ್ರಾಪ್ತವಯಸ್ಕನಾದ್ದರಿಂದ ಅವರು ಜಾಮೀನು ಕೇಳಿದರು. ಅವನು ಇಳಿದುಕೊಳ್ಳುತ್ತಿದ್ದ ಬಿಡಾರದ ಯಜಮಾನಿತಿಯೂ ಆಕೆಯ ಮಗಳೂ ಜಾಮೀನು ನಿಂತರು. ಕಾಲೇಜಿಗೆ ಒಂದು ಪಳಗಿಸಿದ ಕರಡಿಯನ್ನೂ ತಂದ. ಪ್ರಭುವಿನ ಷೋಕಿಗೆ ವಿಧವೆಯಾದ ಬಿಡಾರದವಳು ಹೊಣೆಯಾದದ್ದನ್ನು ಜನ ಮರೆತಿದ್ದಾರೆ, ಕರಡಿಯನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡಿದ್ದಾರೆ. ಚಾರ್ಲ್ಸ್ ಡಾರ್ವಿನ್ ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜಿನಲ್ಲಿ ೧೮೨೮ರಿಂದ ೧೮೩೧ರ ವರೆಗೆ ಇದ್ದ ಕಾಲದ ಲೆಕ್ಕದ ಪುಸ್ತಕಗಳು ೨೦೦೯ರಲ್ಲಿ ಪ್ರಕಟವಾದುವು. ಮೂರು ವರ್ಷಗಳ ಬಾಬತು ಸುಮಾರು ೬೩೬ ಪೌಂಡು. ಜೋಡು ಒರೆಸುವವನಿಗೆ, ಹಾಸಿಗೆ ಹಾಸುವವರಿಗೆ, ಒಲೆಗೆ ಕಲ್ಲಿದ್ದಲು ಹಾಕುವವರಿಗೆಲ್ಲ ಅದರಲ್ಲಿ ಲೆಕ್ಕವಿದೆ. ದಿನದ ಊಟದಲ್ಲಿ ಹೆಚ್ಚಿನ ತರಕಾರಿಗಾಗಿ ಐದೂವರೆ ಪೆನ್ಸಿನಂತೆ ಕೊಟ್ಟ ಲೆಕ್ಕವೂ ಇದೆ. ಸೈಸರನು ಮಾಡುತ್ತಿದ್ದ ಕೆಲಸಗಳು ಈ ವೇಳೆಗೆ ಸಂಬಳದವರ ಕೈಗೆ ಬಂದಿದ್ದುವು.

ಕಾದಂಬರಿಕಾರ ಥ್ಯಾಕರೆಯ ಕಥೆ ಇನ್ನೊಂದು ಬಗೆ. ೧೮೨೯ರಲ್ಲಿ ಟ್ರಿನಿಟಿಗೆ ಸೇರಿ, ಮರುವರ್ಷ ಪದವಿಯಿಲ್ಲದೆ ಹೊರಬಂದ. ಅಷ್ಟರಲ್ಲಿ ಇಸ್ಪೀಟಾಟದ ವಂಚಕರಿಗೆ ೧,೫೦೦ ಪೌಂಡುಗಳಷ್ಟು ಸೋತಿದ್ದ. ಜೂಜಿನ ಸಾಲದ ವಿಷಯದಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ೧೮೪೫ರ ಶಾಸನದ ತರುವಾಯ ಜೂಜಿನಲ್ಲಿ ಸೋತ ಹಣವನ್ನು ನ್ಯಾಯಸ್ಥಾನದ ಮೂಲಕ ವಸೂಲು ಮಾಡುವಂತಿರಲಿಲ್ಲ. ಆದರೂ ದೊಡ್ಡಮನುಷ್ಯನೆನಿಸಿಕೊಂಡವನು ಆ ಸಾಲವನ್ನೇ ಮೊದಲು ತೀರಿಸುತ್ತಿದ್ದ. ಕಾನೂನಿನ ಬಲವುಳ್ಳ ದರ್ಜಿಯ ಲೆಕ್ಕ ವರ್ಷಗಟ್ಟಲೆ ಕಾಯಬೇಕಾಗಿತ್ತು. ಕಾರಣ ಸ್ಪಷ್ಟವಾಗಿದೆ. ಜೂಜಿನಲ್ಲಿ ಗೆದ್ದವನು ಸಮಾನಸ್ಕಂಧ. ಅವನಿಗೆ ಕೊಡದಿದ್ದರೆ ಮಾನ ಹೋಗುತ್ತದೆ. ದರ್ಜಿ ಕೆಳಗಿನವನು, ಅವನನ್ನು ಕಾಯಿಸಿದರೆ ಅಂತಸ್ತು ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಸಾಲವನ್ನು ಯಾರಿಗೆ ಮೊದಲು ತೀರಿಸುತ್ತಾನೆಂಬುದನ್ನು ನೋಡಿದರೆ ಮನುಷ್ಯನು ಯಾರನ್ನು ತನ್ನ ಸಮಾನರೆಂದು ಎಣಿಸಿದ್ದಾನೆಂಬುದು ತಿಳಿದುಹೋಗುತ್ತದೆ. ಥ್ಯಾಕರೆ ಮುಂದೆ ಸ್ನಾಬ್ ಎಂಬ ಮಾತಿಗೆ ಈಗಿನ ಅರ್ಥವನ್ನು ಲೋಕದಲ್ಲಿ ಹಬ್ಬಿಸಿದ. ಮೂಲದಲ್ಲಿ ಅದು ಚಮ್ಮಾರನ ಹೆಸರು. ಕೇಂಬ್ರಿಜ್ಜಿನ ವಿದ್ಯಾರ್ಥಿಗಳು ಊರಿನವರನ್ನು ಹೀಯಾಳಿಸಲು ಬಳಸುತ್ತಿದ್ದ ಮಾತು. ಚಮ್ಮಾರನ ಹೆಸರನ್ನು ತೆಗೆದು ಅವನಿಗೆ ಬಾಕಿ ಉಳಿಸಿಕೊಂಡವರ ತಲೆಗೆ ಕಟ್ಟಿದ್ದು ಥ್ಯಾಕರೆಯ ಉಪಕಾರವೆಂದೇ ಹೇಳಬೇಕು.

ಇನ್ನು ಕಾನೂನು. ಇಂಗ್ಲೆಂಡಿನಲ್ಲಿ ೧೯೭೦ರ ವರೆಗೂ ಪ್ರಾಪ್ತವಯಸ್ಸು ಇಪ್ಪತ್ತೊಂದು. ಆದುದರಿಂದ ಕಾಲೇಜಿನ ಬಹುಮಂದಿ ವಿದ್ಯಾರ್ಥಿಗಳು ಕಾನೂನಿನ ದೃಷ್ಟಿಯಲ್ಲಿ ಬಾಲಕರೇ. ಬಾಲಕನ ಒಡಂಬಡಿಕೆಗೆ ಅವನು ಬದ್ಧನಲ್ಲ. ಆದರೆ ಅವನ ಜೀವನಕ್ಕೆ ಅವಶ್ಯಕವಾದ ಪದಾರ್ಥಗಳನ್ನು ಕೊಟ್ಟವನಿಗೆ ನ್ಯಾಯವಾದ ಬೆಲೆ ಸಲ್ಲತಕ್ಕದ್ದು. ಅವಶ್ಯಕವೆಂದರೆ ಯಾವುದು? ಇಲ್ಲಿ ನ್ಯಾಯಾಧೀಶರು ಅಂತಸ್ತನ್ನೇ ಅಳತೆಗೋಲನ್ನಾಗಿ ಮಾಡಿಕೊಂಡರು: ಆ ಹುಡುಗನ ಜೀವನಸ್ಥಿತಿಗೆ ತಕ್ಕದ್ದು ಅವಶ್ಯಕ. ೧೮೪೦ರ ಒಂದು ವ್ಯಾಜ್ಯದಲ್ಲಿ ಕೇಂಬ್ರಿಜ್ಜಿನ ವಿದ್ಯಾರ್ಥಿಯೊಬ್ಬ ಉಂಗುರ, ಪಿನ್ನು, ಗಡಿಯಾರದ ಸರಪಳಿಗಳನ್ನು ಕೊಂಡಿದ್ದ. ತಂದೆ ಪಾರ್ಲಿಮೆಂಟಿನ ಸದಸ್ಯ. ಇವು ಅಂಥವನಿಗೆ ಅವಶ್ಯಕವಾಗಿರಬಹುದೆಂದು ತೀರ್ಮಾನವಾಯಿತು. ೧೮೪೪ರಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಯೊಬ್ಬನಿಗೆ ಬಿಡಾರದಲ್ಲಿ ಒದಗಿಸಿದ ಹಣ್ಣು, ಮಂಜಿನ ತಿಂಡಿ, ಮಿಠಾಯಿಗಳು ಮಾತ್ರ ಅವಶ್ಯಕಗಳ ಸಾಲಿಗೆ ಸೇರಲಿಲ್ಲ. ಒಟ್ಟಿನಲ್ಲಿ, ಯಾರ ಅಂತಸ್ತು ಎತ್ತರವೋ ಅವರ ಅವಶ್ಯಕತೆಯೂ ಎತ್ತರ. ಆದುದರಿಂದ ಅವರಿಗೆ ಸಾಲ ಸಿಗುವುದೂ ಸುಲಭ. ಅಂಗಡಿಯ ವಾಡಿಕೆಗೆ ನ್ಯಾಯಪೀಠ ಮೊಹರು ಒತ್ತಿದಂತಾಯಿತು.

ಈ ಸಾಲಿನಲ್ಲಿ ಎಲ್ಲ ಕಾನೂನು ವಿದ್ಯಾರ್ಥಿಗಳೂ ಓದುವ ವ್ಯಾಜ್ಯ ನ್ಯಾಷ್ ಮತ್ತು ಇನ್‌ಮನ್ ಎಂಬವರದು, ತೀರ್ಪಾದದ್ದು ೧೯೦೮ರಲ್ಲಿ. ನ್ಯಾಷ್ ಲಂಡನ್ನಿನ ಸಾವಿಲ್ ರೋ ಬೀದಿಯ ದರ್ಜಿ. ಇನ್‌ಮನ್ ಟ್ರಿನಿಟಿ ಕಾಲೇಜಿನ ವಿದ್ಯಾರ್ಥಿ, ಒಳ್ಳೆಯ ಸ್ಥಿತಿಯಲ್ಲಿದ್ದ ವಾಸ್ತುಶಿಲ್ಪಿಯೊಬ್ಬನ ಮಗ. ಈ ಹುಡುಗ ಧಾರಾಳವಾಗಿ ಖರ್ಚು ಮಾಡುತ್ತಾನೆಂಬ ಸುದ್ದಿ ಕೇಳಿ ದರ್ಜಿಯ ಕಡೆಯವನು ತಾನಾಗಿಯೇ ಕೇಂಬ್ರಿಜ್ಜಿಗೆ ಹೋದ. ೧೯೦೨ರ ಅಕ್ಟೋಬರಿನಿಂದ ೧೯೦೩ರ ಜೂನಿನ ವರೆಗೆ, ಅಂದರೆ ಒಂಬತ್ತು ತಿಂಗಳೊಳಗೆ, ೧೨೨ ಪೌಂಡುಗಳಿಗೆ ಮೇಲ್ಪಟ್ಟ ಬಟ್ಟೆಗಳ ಲೆಕ್ಕವಾಯಿತು. ಅದರಲ್ಲಿ ಒಂದೊಂದಕ್ಕೆ ಎರಡು ಗಿನಿಯಂತೆ ಹನ್ನೊಂದು ಷೋಕಿಯ ವೇಸ್ಟುಕೋಟುಗಳು. ಮಗನಿಗೆ ತಕ್ಕಷ್ಟು ಬಟ್ಟೆ ಮೊದಲೇ ಇತ್ತೆಂದು ತಂದೆ ಸಾಕ್ಷಿ ಹೇಳಿದ. ಪದಾರ್ಥಗಳು ಹುಡುಗನ ಅಂತಸ್ತಿಗೆ ತಕ್ಕವೆಂದು ತೋರಿಸಿದರೆ ಸಾಲದು, ಕೊಟ್ಟ ಸಮಯದಲ್ಲಿ ಅವನಿಗೆ ನಿಜವಾಗಿಯೂ ಅವು ಬೇಕಾಗಿದ್ದುವೆಂದು ವರ್ತಕನೇ ಸಾಧಿಸಬೇಕೆಂದು ನ್ಯಾಯಸ್ಥಾನ ಹೇಳಿತು. ದರ್ಜಿ ಸೋತ. ಹನ್ನೊಂದು ವೇಸ್ಟುಕೋಟುಗಳೂ ಹುಡುಗನ ಹತ್ತಿರವೇ ಉಳಿದುವು.

ದರ್ಜಿಯ ವಿಷಯದಲ್ಲಿ ಕೇಳುವವರಿಗೆ ಕನಿಕರ ಹುಟ್ಟಬಹುದು. ನನಗೂ ಸ್ವಲ್ಪ ಹುಟ್ಟುತ್ತದೆ. ಆದರೆ ಬೇಡದವನ ಬಾಗಿಲಿಗೆ ತಾನಾಗಿ ಹೋಗಿ ಸಾಲ ಕೊಟ್ಟವನು ಅವನು ಎಂಬುದನ್ನು ಮರೆಯಬಾರದು. ಇಂಥವರನ್ನು ತಡೆಯಲೆಂದೇ ಅದಕ್ಕೆ ಹದಿನಾರು ವರ್ಷಗಳ ಮುಂಚೆ, ೧೮೯೨ರಲ್ಲಿ, ಒಂದು ಶಾಸನವಾಗಿತ್ತು. ಸಾಲ ಮಾಡಿರೆಂದು ಅಪ್ರಾಪ್ತವಯಸ್ಕರಿಗೆ ಕರಪತ್ರ ಕಳುಹಿಸುವುದು ಅದರ ಪ್ರಕಾರ ಅಪರಾಧ. ಕರಪತ್ರವು ವಿಶ್ವವಿದ್ಯಾನಿಲಯದ ಅಥವಾ ಪಾಠಶಾಲೆಯ ವಿಳಾಸಕ್ಕೆ ಹೋಗಿದ್ದರೆ, ಪಡೆದವನು ಬಾಲಕನೆಂದು ಕಳುಹಿಸಿದವನಿಗೆ ಗೊತ್ತಿತ್ತೆಂದೇ ಭಾವಿಸತಕ್ಕದ್ದು; ಗೊತ್ತಿರಲಿಲ್ಲವೆಂದು ಸಾಧಿಸುವ ಹೊಣೆ ಅವನದೇ. ವಿದ್ಯಾರ್ಥಿಯ ವಿಳಾಸವೇ ಅವನಿಗೆ ರಕ್ಷೆ. ಇದು ಬಹಳ ಜಾಣತನದ ಶಾಸನವೆಂದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ೧೮೭೨ರ ಕರಾರು ಶಾಸನದ ೬೮ನೆಯ ಪ್ರಕರಣ ಈ ಇಂಗ್ಲಿಷ್ ತತ್ತ್ವವನ್ನೇ ಹೇಳುತ್ತದೆ: ಕರಾರಿಗೆ ಅರ್ಹನಲ್ಲದವನಿಗೆ ಅವನ ಜೀವನಸ್ಥಿತಿಗೆ ತಕ್ಕ ಅವಶ್ಯಕಗಳನ್ನು ಒದಗಿಸಿದವನು ಅವನ ಆಸ್ತಿಯಿಂದ ಹಣ ಪಡೆಯಬಹುದು, ಅವನ ಮೈಮೇಲೆ ಮಾತ್ರ ಹೋಗುವಂತಿಲ್ಲ. ೧೯೦೩ರಲ್ಲಿ ಕಲ್ಕತ್ತೆಯ ಧರ್ಮದಾಸ ಘೋಷರ ವ್ಯಾಜ್ಯದಲ್ಲಿ ಅಪ್ರಾಪ್ತವಯಸ್ಕನ ಕರಾರು ಮೊದಲಿನಿಂದಲೇ ಶೂನ್ಯವೆಂದು ಪ್ರಿವಿ ಕೌನ್ಸಿಲು ತೀರ್ಮಾನಿಸಿತು. ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ೧೮೭೫ರ ಶಾಸನದಿಂದ ನಮ್ಮಲ್ಲಿ ಪ್ರಾಪ್ತವಯಸ್ಸು ಹದಿನೆಂಟು. ಇಂಗ್ಲೆಂಡಿನ ವಿದ್ಯಾರ್ಥಿ ಕಾಲೇಜಿನ ಬಹುಕಾಲವನ್ನು ಕಾನೂನಿನ ನೆರಳಿನಲ್ಲಿ ಕಳೆದರೆ, ನಮ್ಮವನಿಗೆ ಆ ನೆರಳು ಸರಿಯಾಗಿ ಕಾಲೇಜಿನ ಬಾಗಿಲಿನಲ್ಲೇ ತಪ್ಪಿಹೋಗುತ್ತದೆ. ಈಚೆಗೆ ಇಂಗ್ಲೆಂಡಿನಲ್ಲೂ ಹೀಗೆಯೇ ಆಗಿದೆ. ೧೮೯೨ರ ಕರಪತ್ರದ ನಿಯಮವು ಅಲ್ಲಿ ೧೯೭೪ರ ಗ್ರಾಹಕಸಾಲದ ಶಾಸನಕ್ಕೆ ಸೇರಿತು. ಆದರೆ ಹೊಸ ಮಾತಿನಲ್ಲಿ ವಿಶ್ವವಿದ್ಯಾನಿಲಯದ ಹೆಸರಿಲ್ಲ, ಅಪ್ರಾಪ್ತವಯಸ್ಕರ ಪಾಠಶಾಲೆಗಳು ಮಾತ್ರ ಉಳಿದಿವೆ.

ಲಂಡನ್ನಿನಲ್ಲಿ ಓದಿದ ನಮ್ಮವರ ಸಂಗತಿಗೆ ಬರೋಣ. ೧೮೮೮ರಲ್ಲಿ ಬ್ಯಾರಿಸ್ಟರ್ ಪರೀಕ್ಷೆಗೆಂದು ಹೋದ ಮೋಹನದಾಸ ಗಾಂಧಿಯವರು, ಸಸ್ಯಾಹಾರಿಯಾದ ತಮ್ಮನ್ನು ಜನ ಅನಾಗರಿಕರೆಂದು ಎಣಿಸಬಾರದೆಂದು, ಬೇರೆ ವಿಷಯಗಳಲ್ಲಿ ಪೂರ್ತಿ ದೊರೆಯಾಗಲು ಹೊರಟರು. ಬಾಂಡ್ ಬೀದಿಯಲ್ಲಿ ಹತ್ತು ಪೌಂಡಿನ ಸಂಜೆಯ ಉಡುಪು, ಹತ್ತೊಂಬತ್ತು ಷಿಲ್ಲಿಂಗಿನ ಟೊಪ್ಪಿಗೆ, ಅಣ್ಣನಿಂದ ತರಿಸಿಕೊಂಡ ಚಿನ್ನದ ಗಡಿಯಾರದ ಸರಪಳಿ, ಮೂರು ಪೌಂಡು ತೆತ್ತು ನೃತ್ಯದ ಪಾಠ, ಮೂರು ಪೌಂಡಿಗೆ ಪಿಟೀಲು, ಒಂದು ಗಿನಿಗೆ ಭಾಷಣಕಲೆ. ಸುಮಾರು ಮೂರು ತಿಂಗಳಲ್ಲಿ ಈ ಮೋಹ ಇಳಿಯಿತು. ಆಮೇಲೆ ಕೋಣೆ ಚಿಕ್ಕದಾಯಿತು, ಗಾಡಿಯ ಬದಲು ನಡಿಗೆ ಬಂತು, ಊಟದ ವೆಚ್ಚ ದಿನಕ್ಕೆ ಒಂದು ಷಿಲ್ಲಿಂಗು ಮೂರು ಪೆನ್ಸಿಗೆ ಇಳಿಯಿತು. ಆದರೆ ಒಂದು ಅಂಶ ಸಾಮಾನ್ಯವಾಗಿ ಲಕ್ಷ್ಯಕ್ಕೆ ಬರುವುದಿಲ್ಲ: ಷೋಕಿಯ ದಿನಗಳಲ್ಲೂ ಗಾಂಧಿಯವರು ಪ್ರತಿಯೊಂದು ಕಾಸಿನ ಲೆಕ್ಕವನ್ನೂ ಬರೆದಿಟ್ಟಿದ್ದರು. ಲೆಕ್ಕ ಇದ್ದುದರಿಂದಲೇ ಅಣ್ಣನ ಹಣ ಎಲ್ಲಿಗೆ ಹೋಗುತ್ತಿದೆಯೆಂಬುದು ಕಣ್ಣಿಗೆ ಕಂಡದ್ದು. ಇದು ನ್ಯೂಟನ್ನನ ಪುಸ್ತಕದ ಜಾತಿಯೇ. ಉದ್ದರಿಯ ಲೆಕ್ಕವಾದರೋ ಅಂಗಡಿಯವನ ಹತ್ತಿರ ಇರುತ್ತದೆ, ವಿದ್ಯಾರ್ಥಿಯ ಹತ್ತಿರ ಅಲ್ಲ.

ಸಾಲವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದಕ್ಕೆ ಅಂಬೇಡ್ಕರ್ ಅವರ ಉದಾಹರಣೆಯನ್ನು ಕೊಡಬೇಕು. ೧೯೧೩ರಲ್ಲಿ ಬರೋಡಾ ಸಂಸ್ಥಾನದ ಸಯಾಜಿರಾವ್ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಕೊಟ್ಟ ವೇತನದಿಂದ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದರು. ಲಂಡನ್ನಿನ ವ್ಯಾಸಂಗ ಅರ್ಧದಲ್ಲಿರುವಾಗ ವೇತನದ ಅವಧಿ ತೀರಿ ೧೯೧೭ರಲ್ಲಿ ಮರಳಬೇಕಾಯಿತು. ೧೯೨೦ರಲ್ಲಿ ಮತ್ತೆ ಹೋದಾಗ ಕೈಯಲ್ಲಿದ್ದದ್ದು ಮುಂಬಯಿಯ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಮತ್ತು ಪಾರ್ಸಿ ಸ್ನೇಹಿತ ನವಲ್ ಭಥೇನಾ ಅವರಿಂದ ಪಡೆದ ಐದು ಸಾವಿರ ರೂಪಾಯಿಗಳ ಸಾಲ. ಹುಟ್ಟಿನ ಅಂತಸ್ತು ಯಾವ ಅಂಗಡಿಯ ಪುಸ್ತಕದಲ್ಲೂ ಒಂದು ಪುಟವನ್ನು ತೆರೆಸಲಾರದ ಕಡೆ, ಒಬ್ಬ ಸ್ನೇಹಿತನ ನಂಬಿಕೆ ತೆರೆಸಿತು. ಇನ್‌ಮನ್ನನ ಸಾಲ ಇದ್ದ ಅಂತಸ್ತನ್ನು ಪ್ರದರ್ಶಿಸುವುದಕ್ಕೆ. ಈ ಸಾಲ ಇಲ್ಲವೆಂದು ನಿರಾಕರಿಸಿದ ಸ್ಥಾನವನ್ನು ಪಡೆಯುವುದಕ್ಕೆ.

ಮೈಸೂರು ಸೀಮೆಯಲ್ಲಿ ಬಡ ವಿದ್ಯಾರ್ಥಿ ಸಾಲ ಮಾಡುವುದಕ್ಕೆ ಮೊದಲು ಇನ್ನೆರಡು ದಾರಿಗಳನ್ನು ಹುಡುಕುತ್ತಿದ್ದ. ಒಂದು, ಮನೆಪಾಠ. ೧೮೮೧ರಲ್ಲಿ ಪದವಿ ಪಡೆದ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ಓದಿನ ವೆಚ್ಚವನ್ನು ಸಾಗಿಸಿದರು. ಇನ್ನೊಂದು, ವಾರಾನ್ನ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಂಡು ಓದುವುದು. ಇದರಲ್ಲಿ ಬಡ್ಡಿಯಿಲ್ಲ, ಪತ್ರವಿಲ್ಲ. ಆದರೆ ಋಣವಿಲ್ಲವೆಂದು ಹೇಳಲಾಗದು. ಊಟಕ್ಕೆ ಕರೆಯುವ ದನಿ ಒಂದು ದಿನ ಬೇಸರದಿಂದ ಕೂಡಿದ್ದರೆ ಹುಡುಗ ಅರ್ಧಹೊಟ್ಟೆಯಲ್ಲಿ ಏಳುವುದುಂಟು. ಏಳು ಮನೆಗಳು ಒದಗುವುದೂ ಜಾತಿಯನ್ನು ನೋಡಿಯೇ. ವಾರಾನ್ನದ ಬಾಗಿಲು ತೆರೆಯದ ಜಾತಿಗಳ ಹುಡುಗರಿಗೆ ಗತಿಯೇನು? ತುಮಕೂರಿನ ಬಳಿಯ ಸಿದ್ಧಗಂಗಾ ಮಠದಂಥ ಕಡೆಗಳಲ್ಲಿ ಉಚಿತ ಊಟ ವಸತಿಗಳು ಏರ್ಪಟ್ಟುದರ, ಬಳಿಕ ಸರ್ಕಾರವೇ ವಿದ್ಯಾರ್ಥಿನಿಲಯಗಳನ್ನು ತೆರೆದುದರ ಬೆಲೆ ಈ ಪ್ರಶ್ನೆಯನ್ನು ಕೇಳಿಕೊಂಡವರಿಗೆ ಮಾತ್ರ ತಿಳಿಯುತ್ತದೆ. ಅಲ್ಲಿ ಊಟ ಯಾರ ಮುಖವನ್ನೂ ನೋಡಿ ಬಡಿಸಿದ್ದಲ್ಲ.

ಈಗಿನ ಕಾಲೇಜಿನಲ್ಲಿ ಚಿನ್ನದ ಕುಚ್ಚು ಯಾರಿಗೂ ಇಲ್ಲ. ಅದರ ಸ್ಥಾನದಲ್ಲಿ ಕೈಯಲ್ಲಿರುವ ದೂರವಾಣಿಯಂತ್ರದ ಬೆನ್ನಿನ ಗುರುತು, ಕಾಲಿನ ಜೋಡು, ಬರುವ ಮೋಟಾರು ಬೈ‌ಸಿಕಲ್ಲು ಇವೆ. ವ್ಯತ್ಯಾಸವೇನೆಂದರೆ, ಹಿಂದೆ ಕುಚ್ಚನ್ನು ಯಾರೂ ಕಂತಿನ ಮೇಲೆ ಕೊಳ್ಳುವಂತಿರಲಿಲ್ಲ, ಈಗಿನದನ್ನು ಕೊಳ್ಳಬಹುದು. ತರಗತಿಯಲ್ಲಿ ಕುಳಿತ ಹುಡುಗನ ಬೆರಳ ತುದಿಗೇ ಸಾಲ ಬರುತ್ತದೆ. ದರ್ಜಿಯ ಕಡೆಯವನು ಕೇಂಬ್ರಿಜ್ಜಿನ ವರೆಗೆ ರೈಲಿನಲ್ಲಿ ಹೋಗಬೇಕಾದ ಶ್ರಮ ಈಗಿಲ್ಲ. ಅಮೆರಿಕದಲ್ಲಿ ಕಾಲೇಜಿನ ಅಂಗಳದಲ್ಲೇ ಅಂಗಿ, ತಿಂಡಿ ಮುಂತಾದ ಕಾಣಿಕೆ ಕೊಟ್ಟು ಸಾಲದ ಚೀಟಿಗಳಿಗೆ ವಿದ್ಯಾರ್ಥಿಗಳ ರುಜು ಪಡೆಯುವ ವಾಡಿಕೆ ಮಿತಿಮೀರಿದ್ದರಿಂದ, ೨೦೦೯ರ ಶಾಸನವು ಆ ಕಾಣಿಕೆಗಳನ್ನು ನಿಷೇಧಿಸಿತು. ಇಪ್ಪತ್ತೊಂದು ತುಂಬದವನಿಗೆ ಸ್ವಂತ ಆದಾಯವೋ ಹೊಣೆಗಾರನೋ ಇರಲೇಬೇಕೆಂದಿತು. ಹಳೆಯ ಇಪ್ಪತ್ತೊಂದು ಹೀಗೆ ಹಿಂಬಾಗಿಲಿನಿಂದ ಮರಳಿ ಬಂತು. ಚೀನಾದಲ್ಲಿ ೨೦೧೭ರಲ್ಲಿ, ಬ್ಯಾಂಕುಗಳಲ್ಲದವರು ಕಾಲೇಜು ವಿದ್ಯಾರ್ಥಿಗಳಿಗೆ ಸಾಲ ಕೊಡುವುದನ್ನು ಸರ್ಕಾರ ನಿಲ್ಲಿಸಿತು.

ನಮ್ಮಲ್ಲಿ ವಿದ್ಯಾಭ್ಯಾಸಕ್ಕೆಂದು ಬ್ಯಾಂಕುಗಳು ಕೊಡುವ ಸಾಲ ಬೇರೆ. ಅದಕ್ಕೆ ತಂದೆತಾಯಿಗಳು ಜೊತೆಗೆ ಹೊಣೆಯಾಗುತ್ತಾರೆ, ಓದು ಮುಗಿದ ಮೇಲೆ ಕಂತು ಆರಂಭವಾಗುತ್ತದೆ. ಬೆರಳ ತುದಿಯ ಸಾಲಕ್ಕೆ ಅಂಥ ಸಾವಧಾನವಿಲ್ಲ. ಈ ಸಾಲದ ಯಂತ್ರಗಳು ಪಡೆದವನ ಸ್ನೇಹಿತರ, ಬಂಧುಗಳ ದೂರವಾಣಿಯ ಅಂಕೆಗಳನ್ನೆಲ್ಲ ಮೊದಲೇ ತೆಗೆದುಕೊಂಡು, ಕಂತು ತಪ್ಪಿದೊಡನೆ ಅವರೆಲ್ಲರಿಗೂ ಸುದ್ದಿ ಮುಟ್ಟಿಸಿ ಅವಮಾನ ಮಾಡುತ್ತಿದ್ದುವು. ಇದರಿಂದ ಪ್ರಾಣ ಕಳೆದುಕೊಂಡವರೂ ಉಂಟು. ರಿಸರ್ವ್ ಬ್ಯಾಂಕು ೨೦೨೧ರ ಜನವರಿಯಲ್ಲಿ ಒಂದು ಸಮಿತಿಯನ್ನು ನೇಮಿಸಿ, ೨೦೨೨ರ ಸೆಪ್ಟೆಂಬರಿನಲ್ಲಿ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಸಾಲದ ನಿಜವಾದ ವಾರ್ಷಿಕ ವೆಚ್ಚವನ್ನು ಮೊದಲೇ ಒಂದು ಪತ್ರದಲ್ಲಿ ತಿಳಿಸಬೇಕು. ಮನಸ್ಸು ಬದಲಾಯಿಸಿದವನು ಗೊತ್ತುಮಾಡಿದ ಅವಧಿಯೊಳಗೆ ದಂಡವಿಲ್ಲದೆ ಅಸಲನ್ನೂ ಅಷ್ಟು ದಿನಗಳ ಬಡ್ಡಿಯನ್ನೂ ಹಿಂದಿರುಗಿಸಿ ಬಿಡಿಸಿಕೊಳ್ಳಬಹುದು. ಅವನ ಯಂತ್ರದೊಳಗಿನ ಹೆಸರುಗಳ ಪಟ್ಟಿಯನ್ನಾಗಲಿ ಚಿತ್ರಗಳನ್ನಾಗಲಿ ಮುಟ್ಟಕೂಡದು.

ಪಟ್ಟಿಯನ್ನು ಮುಟ್ಟಕೂಡದೆಂಬ ಈ ಕೊನೆಯ ನಿಯಮವನ್ನು ಪೋಷಕರೂ ಉಪಾಧ್ಯಾಯರೂ ಮುಖ್ಯವಾಗಿ ತಿಳಿದಿರಬೇಕು. ಅಂಗಡಿಯವನು ತಂದೆಯೊಬ್ಬನ ಮುಂದೆ ಲೆಕ್ಕದ ಪುಸ್ತಕವನ್ನು ತೆರೆಯುತ್ತಿದ್ದ; ಇವರು ಹುಡುಗನ ಸಹಪಾಠಿಗಳೆಲ್ಲರ ಮುಂದೆ ತೆರೆಯುತ್ತಿದ್ದರು. ಸಹಪಾಠಿಗಳ ಕಣ್ಣಿಗೆ ಹೇಗೆ ಕಾಣುತ್ತೇನೆಂಬ ಅಂಜಿಕೆಯಿಂದ ಮಾಡಿದ ಸಾಲಕ್ಕೆ ಆ ಅಂಜಿಕೆಯನ್ನೇ ಒತ್ತೆಯಾಗಿ ಇರಿಸಿಕೊಂಡಂತಾಯಿತು. ನೋಂದಣಿಯಿಲ್ಲದ ಸಾಲಿಗರು ಈ ನಿಯಮಗಳಿಗೆ ಹೊರಗೇ ಉಳಿದು ವ್ಯವಹರಿಸುವುದುಂಟು. ಅಂಥವರಿಂದ ಪೀಡೆಗೊಳಗಾದ ವಿದ್ಯಾರ್ಥಿ ಮನೆಯಲ್ಲಿ ಹೇಳಲು ನಾಚಿದರೆ, ನೇರವಾಗಿ ರಿಸರ್ವ್ ಬ್ಯಾಂಕಿನ ಸಚೇತ್ ಎಂಬ ದೂರುತಾಣಕ್ಕಾಗಲಿ, ೧೯೩೦ ಎಂಬ ಅಂಕೆಗೆ ದೂರವಾಣಿ ಮಾಡಿ ಸೈಬರ್ ಅಪರಾಧದ ಪೊಲೀಸರಿಗಾಗಲಿ ತಿಳಿಸಬಹುದು.